ಹೊಸಬರನ್ನು ಹೊತ್ತ ಸ್ಟ್ಯಾಂಡು

ನಾನು ಒಂದು ತಿರುಗುವ ಸ್ಟ್ಯಾಂಡು. ಕಬ್ಬಿಣದ್ದು. ನಡುವೆ ಒಂದು ಕಂಬ, ಸುತ್ತ ನಾಲ್ಕು ಮುಖ, ಒಂದೊಂದು ಮುಖಕ್ಕೂ ಪುಸ್ತಕ ಇಡುವ ತಂತಿಯ ಜೇಬುಗಳು. ಒಂದು ಕಾಲದಲ್ಲಿ ಕಿರುಬೆರಳಲ್ಲಿ ತಳ್ಳಿದರೂ ಗಿರ್ರನೆ ತಿರುಗುತ್ತಿದ್ದೆ. ಆ ಮಾತು ಈಗ ಬಿಡಿ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನನ್ನ ಮುಂದೆ ಬಂದು ನಿಂತವರನ್ನೆಲ್ಲ ನಾನು ಅನುಮಾನದಿಂದಲೇ ನೋಡುವುದು, ನಿಮ್ಮನ್ನೂ ಸೇರಿಸಿ. ಬೇಜಾರು ಮಾಡಿಕೊಳ್ಳಬೇಡಿ, ನಾನು ಬೆಳೆದದ್ದೇ ಹಾಗೆ.

ಹುಟ್ಟಿದ್ದು ಮೈಸೂರಿನ ಒಂದು ವೆಲ್ಡಿಂಗ್ ಶೆಡ್ಡಿನಲ್ಲಿ. ಯಾರದೋ ಮನೆಯ ಕಿಟಕಿಗೆ ಗ್ರಿಲ್ ಮಾಡಿ ಉಳಿದ ಸರಳು ನನ್ನ ಮೈ, ಗುಜರಿಗೆ ಹೋದ ಸ್ಕೂಟರಿನ ಬೇರಿಂಗು ನನ್ನ ಜೀವ. ಹಸಿರು ಬಣ್ಣ ಬಳಿದು ಬಿಸಿಲಿಗೆ ನಿಲ್ಲಿಸಿದ್ದರು. ಬಣ್ಣ ಇನ್ನೂ ಒಣಗಿರಲಿಲ್ಲ, ಅಷ್ಟರಲ್ಲಿ ಮಾದಪ್ಪ ಬಂದ. ಮಾದಪ್ಪನಿಗೆ ಬಸ್ ಸ್ಟ್ಯಾಂಡಿನಲ್ಲಿ ವಾರಪತ್ರಿಕೆ, ಮಕ್ಕಳ ಪುಸ್ತಕ ಮಾರುವ ಗೂಡಂಗಡಿ ಇತ್ತು. ನನ್ನನ್ನು ಒಂದು ಸುತ್ತು ತಿರುಗಿಸಿ, ಬೆರಳಿಗೆ ಅಂಟಿದ ಬಣ್ಣ ನೋಡಿ, "ಎಲ್ಲೋ ಮೋಸ ಐತೆ, ಇಷ್ಟು ಸಲೀಸಾಗಿ ತಿರುಗಬಾರದು" ಅಂದ. ನಾನು ಕೇಳಿದ ಮೊದಲ ಮಾತೇ ಅದು. ಇನ್ನು ನನ್ನ ಬುದ್ಧಿ ಹೇಗಿದ್ದೀತು?

ಮಾದಪ್ಪನ ದೊಡ್ಡ ಶತ್ರುಗಳು ಅಂದರೆ ನಿಂತು ಓದುವವರು. ಬಸ್ಸು ಬರುವವರೆಗೆ ಹೊತ್ತು ಕಳೆಯಲು ಬರುತ್ತಿದ್ದರು, ಧಾರಾವಾಹಿಯ ಕಂತು ಮುಗಿಸಿ, ಪುಸ್ತಕವನ್ನು ತಿರುಗಿಸಿ ಇಟ್ಟು, ಏನೂ ಗೊತ್ತಿಲ್ಲದವರ ಹಾಗೆ ಹೋಗುತ್ತಿದ್ದರು. ಮಾದಪ್ಪ ಚಿಲ್ಲರೆ ಕೊಡುತ್ತಿದ್ದರೂ ಒಂದು ಕಣ್ಣು ನನ್ನ ಮೇಲೇ. "ಏನ್ ಸ್ವಾಮಿ, ಇಲ್ಲೇ ಕೂತು ಪರೀಕ್ಷೆ ಬರೀತೀರಾ?" ಅನ್ನುತ್ತಿದ್ದ. ಅವನ ಜೊತೆ ಇದ್ದು ಇದ್ದು ನನಗೂ ಜನರ ಬೆರಳು ನೋಡಿದರೇ ಗೊತ್ತಾಗತೊಡಗಿತು, ಇವನು ಕೊಳ್ಳುವವನಲ್ಲ, ಇವಳು ಪದಬಂಧ ಹರಿದುಕೊಂಡು ಹೋಗುವವಳು ಅಂತ.

ಬಸ್ ಸ್ಟ್ಯಾಂಡು ದುರಸ್ತಿಗೆ ಬಂದಾಗ ಗೂಡಂಗಡಿ ಎತ್ತಿದರು. ನಾನು ಶಕುಂತಲಮ್ಮನ ಫ್ಯಾನ್ಸಿ ಸ್ಟೋರ್ ಸೇರಿದೆ. ಪುಸ್ತಕ ಇದ್ದ ಕಡೆ ಕಿವಿಯೋಲೆ, ಹೇರ್‌ಕ್ಲಿಪ್ಪು. ಅಲ್ಲಂತೂ ಇನ್ನೂ ಕಷ್ಟ. ಮದುವೆ ಮನೆಗೆ ಹೊರಟವರು ಓಲೆ ಹಾಕಿ ನೋಡುತ್ತೇನೆ ಅಂತ ಹಾಕಿಕೊಂಡು, ಮಾತಾಡುತ್ತಾ ಮಾತಾಡುತ್ತಾ ಹಾಗೇ ಹೊರಟುಬಿಡುವುದು. ಶಕುಂತಲಮ್ಮ ಬಾಗಿಲವರೆಗೆ ಓಡಿ, "ಅಮ್ಮಣ್ಣೀ, ಕಿವಿ ಬಿಟ್ಟು ಹೋಗಿ!" ಅಂತ ಕೂಗುವುದು. ನಗಬೇಡಿ. ಹೀಗೆ ನನ್ನ ಅರ್ಧ ಆಯಸ್ಸು ಜನರ ಕೈ ಕಾಯುವುದರಲ್ಲೇ ಕಳೆಯಿತು. ಆಮೇಲೆ ಶಕುಂತಲಮ್ಮನ ಮಂಡಿನೋವು ಜಾಸ್ತಿಯಾಗಿ ಅಂಗಡಿ ಮುಚ್ಚಿತು, ನಾನು ಗುಜರಿಗೆ ಬಿದ್ದೆ.

ಗುಜರಿಯಿಂದ ನನ್ನನ್ನು ಎತ್ತಿದವಳು ವಾರಿಜಾ. ಕನ್ನಡಕ, ಗಿಡ್ಡ ಕೂದಲು, ಬೆರಳಲ್ಲಿ ಯಾವಾಗಲೂ ಶಾಯಿ. ಜೊತೆಗೆ ಸಿರಾಜ್, ಮೊದಲು ಕಾಲೇಜಿನ ಮುಂದೆ ಜೆರಾಕ್ಸ್ ಅಂಗಡಿ ನಡೆಸುತ್ತಿದ್ದ, ಮೂರು ಮಕ್ಕಳ ತಂದೆ. ಇಬ್ಬರೂ ಸೇರಿ ಒಂದು ಹಳೆ ಕಟ್ಟಡದ ನೆಲಮಾಳಿಗೆಯಲ್ಲಿ "ಪಿನ್ನುಪುಟ" ಅಂತ ಪುಸ್ತಕದ ಅಂಗಡಿ ತೆರೆದಿದ್ದರು. ನನಗೆ ಹಳದಿ ಬಣ್ಣ ಬಳಿದು, ತಲೆಯ ಮೇಲೆ "ಹೊಸದಾಗಿ ಬಂದವು" ಅಂತ ಬೋರ್ಡು ಸಿಕ್ಕಿಸಿ, ಬಾಗಿಲಿಗೆ ಎದುರಾಗಿ ನಿಲ್ಲಿಸಿದರು.

ಬಂದ ಮಾಲು ನೋಡಿ ನನ್ನ ಅನುಮಾನ ಇಮ್ಮಡಿಯಾಯಿತು. ಇವೂ ಪುಸ್ತಕವೇ? ಕಾಮಿಕ್ಸ್ ಆದರೆ ನನಗೆ ಗೊತ್ತು, ಮಾದಪ್ಪನ ಕಾಲದಲ್ಲೂ ಹೊತ್ತಿದ್ದೆ. ಇವು ಮಾತ್ರ ಬೇರೆ ಜಾತಿ. ಝೀನ್ ಅನ್ನುತ್ತಿದ್ದರು. ಯಾರೋ ಮನೆಯಲ್ಲಿ ಕೂತು ಬರೆದು, ಚಿತ್ರ ಹಾಕಿ, ಜೆರಾಕ್ಸ್ ಮಾಡಿಸಿ, ನಡುವೆ ಮಡಿಚಿ ಪಿನ್ನು ಹೊಡೆದ ತೆಳ್ಳನೆ ಪುಸ್ತಕ. ಪ್ರಕಾಶಕರಿಲ್ಲ, ವಿಳಾಸವಿಲ್ಲ, ಎಷ್ಟೋ ಪುಸ್ತಕಕ್ಕೆ ಬರೆದವರ ಹೆಸರೂ ಇಲ್ಲ. ಒಂದರಲ್ಲಿ ಬರೀ ಹಾಸ್ಟೆಲಿನ ಉಪ್ಪಿಟ್ಟಿನ ಮೇಲೆ ಬೈಗುಳ. ಇನ್ನೊಂದರಲ್ಲಿ ಒಬ್ಬಳು ತನ್ನ ಅತ್ತೆಯ ಗೊರಕೆಯದೇ ಪುಟಗಟ್ಟಲೆ ಚಿತ್ರ ಬರೆದಿದ್ದಳು. ಹೆಸರು ಹೇಳಿಕೊಳ್ಳದವರು ನನ್ನ ಜೇಬಿಗೆ ಏನಾದರೂ ಹಾಕಿದರೆ ನಾನು ಹೇಗೆ ನಂಬಲಿ ಹೇಳಿ!

ಆದರೆ ಪಿನ್ನುಪುಟಕ್ಕೆ ಒಂದು ಪದ್ಧತಿ. ಬರೆದವರು ತಾವಾಗಿ ಹೇಳದ ಹೊರತು ಅವರ ಹೆಸರು, ಊರು ಯಾರಿಗೂ ಹೇಳುವುದಿಲ್ಲ. ಯಾರು ಬಂದು ಕೇಳಿದರೂ ಅಷ್ಟೇ. ವಾರಿಜಾಳಿಗೆ ಇದು ದೇವರ ಮೇಲೆ ಆಣೆ ಇಟ್ಟ ಹಾಗೆ. "ಹೆಸರು ಹೊರಗೆ ಬಂದ್ರೆ ನಾಳೆಯಿಂದ ಯಾರೂ ನಿಜ ಬರೆಯಲ್ಲ ಸಿರಾಜ್" ಅನ್ನುತ್ತಿದ್ದಳು.

ಹೊಸದಾಗಿ ಬಂದವುಗಳಲ್ಲಿ ಎಲ್ಲರೂ ಕಾಯುತ್ತಿದ್ದದ್ದು "ಕ್ವಾರ್ಟರ್ಸ್" ಅನ್ನುವ ಝೀನಿಗೆ. ಹಾಸನದಿಂದ ಕೊರಿಯರಿನಲ್ಲಿ ಬರುತ್ತಿತ್ತು. ಪೊಲೀಸ್ ಕ್ವಾರ್ಟರ್ಸಿನಲ್ಲಿ ಬೆಳೆದ ಒಂದು ಹುಡುಗಿಯ ಕಥೆ, ಪೂರ್ತಿ ಚಿತ್ರದಲ್ಲೇ. ಸಾಲು ಮನೆ, ನೀರಿನ ಟ್ಯಾಂಕು, ಒಣಹಾಕಿದ ಖಾಕಿ ಪ್ಯಾಂಟುಗಳು. ಅಪ್ಪ ಪೊಲೀಸ್. ಅವನಿಗೆ ಮುಖವೇ ಇಲ್ಲ, ಬರೀ ಮೀಸೆ ಮತ್ತು ಬೂಟು. ಮಗಳು ಶಾಲೆಯಿಂದ ಬಂದ ಕೂಡಲೇ ಅವಳ ಬ್ಯಾಗು ಸುರಿದು ತಪಾಸಣೆ ಮಾಡುತ್ತಾನೆ, ದಿನಾ. ನನಗೆ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ, ಮಾದಪ್ಪ ಇದ್ದಿದ್ದರೆ ಶಹಭಾಸ್ ಅನ್ನುತ್ತಿದ್ದ. ಆದರೆ ಓದುವವರ ಬೆರಳು ಆ ಪುಟದಲ್ಲಿ ನಿಂತುಬಿಡುತ್ತಿತ್ತು.

ಹೀಗಿರುವಾಗ ಒಂದು ದಿನ ಬೆಟ್ಟಸ್ವಾಮಿ ಬಂದರು.

ಎತ್ತರದ ಆಳು, ನರೆತ ಮೀಸೆ, ಕಿವಿಯ ಮೇಲೆ ಮಿಷಿನ್ ಹೊಡೆಸಿದ ಕೂದಲು. ಮಾಮೂಲಿ ಪ್ಯಾಂಟು ಶರಟು, ಆದರೆ ಕಾಲಲ್ಲಿ ಮಿರಮಿರ ಮಿಂಚುವ ಕಂದು ಬೂಟು. ಸಿರಾಜ್ ಬೂಟು ನೋಡಿಯೇ ತಣ್ಣಗಾದ. ಅವರು ಬಾಗಿಲಲ್ಲೇ ನಿಂತು ಅಂಗಡಿಯ ನಾಲ್ಕು ಮೂಲೆ ನೋಡಿ, ಕಿಟಕಿ ನೋಡಿ, ಹಿಂದಿನ ಬಾಗಿಲು ನೋಡಿ, ಆಮೇಲೆ ಕೇಳಿದರು.

"ಕ್ವಾರ್ಟರ್ಸ್ ಅಂತ ಒಂದು ಪುಸ್ತಕ ಬರ್ತದಂತೆ. ಇದೆಯೇನಮ್ಮಾ?"

"ಇಲ್ಲ ಸರ್, ಖಾಲಿ" ಅಂದಳು ವಾರಿಜಾ, ಬೆನ್ನು ನನಗೆ ಅಡ್ಡ ಹಿಡಿದು.

"ಬರೆಯೋರು ಯಾರು?"

"ಗೊತ್ತಿಲ್ಲ ಸರ್."

"ಗೊತ್ತಿಲ್ದೇ ಮಾರ್ತೀರಾ?"

ಅವರು ಹೋದ ಮೇಲೆ ಸಿರಾಜ್ ಶಟರ್ ಅರ್ಧ ಎಳೆದು, "ಅಕ್ಕಾ, ಮಫ್ತಿಲಿ ಬಂದವ್ರೆ. ಆ ಹುಡುಗಿ ಡಿಪಾರ್ಟ್‌ಮೆಂಟ್ ಬಗ್ಗೆ ಬರೀತಾಳಲ್ಲ, ಅದಕ್ಕೇ. ಅವಳನ್ನ ಹುಡುಕ್ತಾವ್ರೆ" ಅಂದ. ತನ್ನನ್ನು ನಂಬಿ ಬರೆದವಳನ್ನು ಹೇಗಾದರೂ ಉಳಿಸಬೇಕು, ವಾರಿಜಾಳಿಗಿದ್ದ ಯೋಚನೆ ಅದೊಂದೇ. ನನಗಂತೂ ಒಳಗೊಳಗೇ ಖುಷಿ. ಇಷ್ಟು ವರ್ಷದ ಮೇಲೆ ನನ್ನಷ್ಟೇ ಅನುಮಾನದ ಜನ ಸಿಕ್ಕಿದರು ಅಂತ!

ಅಂದಿನಿಂದ ಒಂದು ಉಪಾಯ ಹೂಡಿದರು. ಕಂದು ಬೂಟು ಮೆಟ್ಟಿಲ ಮೇಲೆ ಕಂಡರೆ ಸಿರಾಜ್ ಕೆಮ್ಮುವುದು, ವಾರಿಜಾ ಬಂದು ನನ್ನನ್ನು ರಪ್ಪನೆ ತಿರುಗಿಸುವುದು. ಹೊಸದಾಗಿ ಬಂದವು ಗೋಡೆಯ ಕಡೆಗೆ. ಬಾಗಿಲ ಕಡೆಗೆ ರಂಗೋಲಿ, ಮನೆಮದ್ದು, ಮಕ್ಕಳು ಬಣ್ಣ ತುಂಬುವ ಪುಸ್ತಕ. ಬೆಟ್ಟಸ್ವಾಮಿ ದಿನಾ ಬಂದರು. ರಂಗೋಲಿ ಪುಸ್ತಕವನ್ನು ಬಹಳ ಹೊತ್ತು ನೋಡಿದರು. ಪಿನ್ನು ಎಲ್ಲಿ ಹೊಡೆದಿದೆ ಅಂತ ಉಗುರಲ್ಲಿ ಮುಟ್ಟಿದರು. "ಇದನ್ನ ಎಲ್ಲಿ ಜೆರಾಕ್ಸ್ ಮಾಡಿಸ್ತೀರಿ? ಮಡಿಚೋರು ಯಾರು? ಯಾರು ಬೇಕಾದ್ರೂ ತಂದಿಡಬೋದಾ?" ಅಂತ ಸಿರಾಜನನ್ನು ಕೇಳಿದರು. ಸಿರಾಜ್ ಬಾಯಿಗೆ ಬಂದ ಸುಳ್ಳೆಲ್ಲ ಹೇಳಿ ಬೆವರು ಒರೆಸಿಕೊಂಡ.

ಇತ್ತ ನನ್ನ ಪಾಡು ಕೇಳುವವರಿಲ್ಲ. ಸುಮ್ಮನೆ ತಿರುಗುವುದು ಬೇರೆ, ಹೆದರಿದ ಕೈಯಲ್ಲಿ ತಿರುಗುವುದು ಬೇರೆ. ದಿನಾ ಆ ರಭಸಕ್ಕೆ ಬೇರಿಂಗಿನ ಗುಂಡು ಸವೆದು ಕಿರುಗುಟ್ಟತೊಡಗಿತು. ಒಂದು ಮಧ್ಯಾಹ್ನ ಸಿರಾಜ್ ಕೆಮ್ಮಿದ, ವಾರಿಜಾ ಓಡಿ ಬಂದು ತಳ್ಳಿದಳು, ನನ್ನ ಬುಡದಲ್ಲಿ ಟಕ್ ಅಂತ ಏನೋ ಮುರಿಯಿತು. ಅರ್ಧ ತಿರುಗಿ ನಿಂತುಬಿಟ್ಟೆ. ಅವಳು ತಳ್ಳಿದಳು, ಎಳೆದಳು, ಕಾಲಲ್ಲಿ ಒದ್ದಳು. ನಾನು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಬೆಟ್ಟಸ್ವಾಮಿ ಮೆಟ್ಟಿಲಿಳಿದು ಬಂದಾಗ ಅವರ ಕಣ್ಣಿಗೆ ನೇರವಾಗಿ ಕ್ವಾರ್ಟರ್ಸ್.

ವಾರಿಜಾ ಗಲ್ಲಾದ ಹಿಂದೆ ಕಲ್ಲಾಗಿ ನಿಂತಳು. ಅವರು ಝೀನನ್ನು ತೆಗೆದುಕೊಂಡರು. ನಾನು ಎಷ್ಟೋ ಜನರ ಬೆರಳು ನೋಡಿದ್ದೇನೆ, ಕದಿಯುವ ಬೆರಳು, ಹರಿಯುವ ಬೆರಳು. ಪುಟವನ್ನು ಇಷ್ಟು ಮೆಲ್ಲಗೆ ಸವರುವ ಬೆರಳನ್ನು ನೋಡಿರಲಿಲ್ಲ. ತೆರೆದ ಪುಟದಲ್ಲಿ ನಲ್ಲಿಯ ಹತ್ತಿರ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತ ಒಬ್ಬ ಹೆಂಗಸು, ಬೆನ್ನು ಈ ಕಡೆ. ಬೆಟ್ಟಸ್ವಾಮಿ ನನ್ನ ಕಂಬಕ್ಕೆ ಹಣೆ ತಾಗುವಷ್ಟು ಬಗ್ಗಿದರು. "ಪುಟ್ಟತಾಯೀ" ಅಂದರು, ನನಗೆ ಮಾತ್ರ ಕೇಳಿಸುವ ಹಾಗೆ. ಆಮೇಲೆ, "ನಮ್ಮ ಸುಕನ್ಯಾನೇ. ನಮ್ಮ ಸುಕನ್ಯಾನೇ ಬರೆದಿರೋದು. ಮನೆ ಬಿಟ್ಟೋದ ಮಗಳ ಗುರುತು ಸಿಕ್ತು ಕಣೇ, ನೋಡೋಕೆ ನೀನೇ ಇಲ್ಲ" ಅಂದರು.

ಅಯ್ಯೋ ಶಿವನೇ! ನನಗೆ ಬಾಯಿ ಇದ್ದಿದ್ದರೆ ಆಗಲೇ ಕೂಗಿಬಿಡುತ್ತಿದ್ದೆ. ಇದು ಕೇಸೂ ಅಲ್ಲ, ಕಚೇರಿಯೂ ಅಲ್ಲ. ಮನೆ ಬಿಟ್ಟುಹೋದ ಮಗಳನ್ನು ಅಪ್ಪ ಹುಡುಕುತ್ತಿದ್ದಾನೆ. ಹೆಂಡತಿ ತೀರಿಕೊಂಡಿದ್ದಾಳೆ. ಮಗಳು ಎಲ್ಲಿದ್ದಾಳೆ ಅಂತ ತಿಳಿಯಲು ಈ ಮಡಿಚಿದ ಹಾಳೆ ಬಿಟ್ಟರೆ ಅವರಿಗೆ ಬೇರೆ ದಾರಿಯಿಲ್ಲ. ಆದರೆ ಆ ಮನುಷ್ಯನಿಗೆ ನೆಟ್ಟಗೆ ಕೇಳಲು ಬರಬೇಕಲ್ಲ! ಸರ್ವೀಸಿಡೀ ಬೇರೆಯವರನ್ನು ವಿಚಾರಣೆ ಮಾಡಿದ ನಾಲಿಗೆ. ವಾರಿಜಾಳ ಕಡೆ ತಿರುಗಿ, "ಬರೆದೋಳ ಅಡ್ರೆಸ್ ಬೇಕು" ಅಂದರು. ಬೇಡುವುದೂ ಅವರಿಗೆ ಗದರಿಸಿದ ಹಾಗೇ ಬರುತ್ತಿತ್ತು.

"ಅದು ಮಾರಾಟಕ್ಕಿಲ್ಲ ಸರ್. ಅಡ್ರೆಸ್ ಇಲ್ಲ" ಅಂದಳು ವಾರಿಜಾ. ಬೆಟ್ಟಸ್ವಾಮಿ ಝೀನನ್ನು ಎಲ್ಲಿಂದ ತೆಗೆದಿದ್ದರೋ ಅದೇ ಜೇಬಿಗೆ ಇಟ್ಟು ಹೋದರು.

ಅವತ್ತೇ ವಾರಿಜಾ ಕ್ವಾರ್ಟರ್ಸನ್ನೆಲ್ಲ ನನ್ನಿಂದ ತೆಗೆದು ಪೆಟ್ಟಿಗೆಗೆ ತುಂಬಿದಳು. ಹಾಸನಕ್ಕೆ ಫೋನ್ ಮಾಡಿ, "ಯಾರೋ ಪೊಲೀಸ್ ನಿಮ್ಮನ್ನ ಹುಡುಕ್ತಿದ್ದಾರೆ. ಸ್ವಲ್ಪ ದಿನ ಏನೂ ಕಳಿಸಬೇಡಿ" ಅಂದಳು. ಬರೆದವಳು "ಸರಿ" ಅಂತಷ್ಟೇ ಅಂದಳಂತೆ. ವಾರಿಜಾ ಒಂದು ಜೀವ ಉಳಿಸಿದೆ ಅಂತ ನಿಟ್ಟುಸಿರು ಬಿಟ್ಟಳು. ನನ್ನ ಒಳಗೆ ಸಂಕಟ ಹೇಳತೀರದು. ಜೀವಮಾನವೆಲ್ಲ ಅನುಮಾನಪಟ್ಟವನಿಗೆ ಮೊದಲ ಸಲ ಒಂದು ವಿಷಯ ಖಂಡಿತವಾಗಿ ಗೊತ್ತಾಗಿತ್ತು, ಹೇಳುವುದಕ್ಕೆ ದಾರಿಯಿರಲಿಲ್ಲ.

ಬೆಟ್ಟಸ್ವಾಮಿ ಮತ್ತೆ ಬಂದರು. ಖಾಲಿ ಜೇಬು ನೋಡಿದರು. ಮೂಲೆಯ ಸ್ಟೂಲಿನ ಮೇಲೆ ಕೂತು, ಮಡಿಚಿದ ಹಾಳೆ ತೆಗೆದು, ಪೆನ್ಸಿಲಿನಿಂದ ಗೆರೆ ಎಳೆಯತೊಡಗಿದರು. ಸಿರಾಜ್ ಹಿಂದಿನಿಂದ ಇಣುಕಿ ನೋಡಿ ಬಂದು ಪಿಸುಗುಟ್ಟಿದ. "ಅಕ್ಕಾ, ಮುಗೀತು ಕಥೆ. ನಕ್ಷೆ ಹಾಕ್ತಾವ್ರೆ. ಬಾಗಿಲು, ಕಿಟಕಿ, ಉತ್ತರ ದಿಕ್ಕಿಗೆ ಬಾಣ, ಎಲ್ಲ ಹಾಕವ್ರೆ. ರೈಡು ಗ್ಯಾರಂಟಿ." ಇಬ್ಬರೂ ಅಂದು ಮಧ್ಯಾಹ್ನ ಊಟ ಮಾಡಲಿಲ್ಲ.

ರೈಡೂ ಬರಲಿಲ್ಲ, ಯಾರೂ ಬರಲಿಲ್ಲ. ಕೆಲವು ದಿನ ಬೆಟ್ಟಸ್ವಾಮಿಯ ಸುಳಿವೂ ಇರಲಿಲ್ಲ. ಆಮೇಲೆ ಒಂದು ಬೆಳಗ್ಗೆ ಬಂದವರೇ, ಸಿರಾಜ್ ಪಾರ್ಸೆಲ್ ಬಿಚ್ಚುತ್ತಿದ್ದಾಗ, ಶರಟಿನೊಳಗಿಂದ ಏನೋ ತೆಗೆದು ಕ್ವಾರ್ಟರ್ಸ್ ಇದ್ದ ಜೇಬಿಗೆ ಸಿಕ್ಕಿಸಿ, ಸರಸರ ಮೆಟ್ಟಿಲು ಹತ್ತಿ ಹೋದರು. ನನ್ನಿಂದ ಕದ್ದವರನ್ನು ಕಂಡಿದ್ದೆ. ಕದ್ದು ಇಟ್ಟುಹೋದವರನ್ನು ಕಂಡಿದ್ದು ಅದೇ ಮೊದಲು.

ವಾರಿಜಾ ಅದನ್ನು ಬೆಂಕಿ ಮುಟ್ಟುವವಳ ಹಾಗೆ ಎರಡು ಬೆರಳಲ್ಲಿ ಎತ್ತಿದಳು. ಜೆರಾಕ್ಸ್ ಮಾಡಿಸಿದ ಹಾಳೆಗಳು, ಮಡಿಕೆ ಸೊಟ್ಟ, ಪಿನ್ನು ಹೊರಗಿನಿಂದ ಹೊಡೆಯುವ ಬದಲು ಒಳಗಿನಿಂದ ಹೊಡೆದದ್ದು. ಮೇಲೆ ದಪ್ಪ ಅಕ್ಷರದಲ್ಲಿ "ಸ್ಥಳದ ನಕ್ಷೆ". ಒಳಗೆ ಒಂದೂ ಮನುಷ್ಯರ ಚಿತ್ರವಿಲ್ಲ. ಪುಟಪುಟಕ್ಕೂ ಒಂದು ಮನೆ, ಮೇಲಿನಿಂದ ನೋಡಿದ ಹಾಗೆ. ಕಳ್ಳತನ, ಅಪಘಾತ ಆದ ಕಡೆ ಪೊಲೀಸರು ಹಾಕುತ್ತಾರಲ್ಲ, ಅದೇ ನಕ್ಷೆ. ಗೋಡೆಗೆ ಜೋಡಿ ಗೆರೆ, ಬಾಗಿಲಿಗೆ ಸಂದು, ಮೂಲೆಯಲ್ಲಿ ಉತ್ತರದ ಬಾಣ, ನಡುವೆ ಅಕ್ಷರ ಹಾಕಿದ ಚುಕ್ಕೆಗಳು. ಕೆಳಗೆ ವಿವರ: "ಎ: ಮಗಳು ನಿಂತಿದ್ದ ಜಾಗ. ಬಿ: ಆಕೆಯ ಬ್ಯಾಗನ್ನು ನಾನು ಸುರಿದ ಜಾಗ. ಸಿ: ಆಕೆ ಬರೆದಿದ್ದ ಚಿತ್ರಗಳನ್ನು ನಾನು ಹಾಕಿದ ಹಂಡೆ ಒಲೆ. ಡಿ: ಹೆಂಡತಿ." ಕೊನೆಯ ಪುಟದಲ್ಲಿ ಅದೇ ಮನೆ. ಒಂದೇ ಒಂದು ಚುಕ್ಕೆ. "ಈಗ ನಾನು ಇರುವ ಜಾಗ."

ವಾರಿಜಾ ಮೊದಲು ನಿಂತು ಓದಿದಳು, ಆಮೇಲೆ ನೆಲದ ಮೇಲೇ ಕೂತಳು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಳು.

"ಸಿರಾಜ್, ಅವರು ಪೊಲೀಸ್ ಆಗಿ ಬರ್ಲಿಲ್ಲ ಕಣೋ. ಆ ಪುಸ್ತಕದ ಅಪ್ಪ ಅವರೇ."

"ಅಲ್ಲಾ!" ಅಂತ ಸಿರಾಜ್ ತಲೆ ಮೇಲೆ ಕೈ ಹೊತ್ತ. "ಮಡಿಚೋದು ಹೆಂಗೆ ಅಂತ ಕೇಳಿದ್ರು ಅಕ್ಕ. ನಾನು ಬರೀ ಸುಳ್ಳೇ ಹೇಳಿದೆ. ಅದಕ್ಕೇ ಪಿನ್ನು ಉಲ್ಟಾ ಹೊಡೆದವ್ರೆ."

ಹಾಗಂತ ವಿಳಾಸ ಕೊಟ್ಟುಬಿಟ್ಟರೇ? ಇಲ್ಲ. ಪದ್ಧತಿ ಪದ್ಧತಿಯೇ. ಮಗಳಿಗೆ ಬೇಕಿಲ್ಲದ ಅಪ್ಪನನ್ನು ಅವಳ ಬಾಗಿಲಿಗೆ ಕಳಿಸಲು ತಾನು ಯಾರು ಅಂತ ವಾರಿಜಾಳ ವಾದ. ನನಗೂ ಸರಿ ಅನ್ನಿಸಿತು. ನಕ್ಷೆಗಳನ್ನು ನೋಡಿ ಕರಗುವುದು ಸುಲಭ, ಚಿತ್ರಗಳನ್ನು ಸುಟ್ಟ ಕೈಯೂ ಅದೇ ಅಲ್ಲವೇ? ಅವಳು ಒಂದು ಕೆಲಸ ಮಾಡಿದಳು. "ಸ್ಥಳದ ನಕ್ಷೆ"ಯನ್ನು ಜೆರಾಕ್ಸ್ ಮಾಡಿಸಿ, ಸಿರಾಜನ ಕೈಯಲ್ಲಿ ನೆಟ್ಟಗೆ ಪಿನ್ನು ಹೊಡೆಸಿ, ಹಾಸನಕ್ಕೆ ಕಳಿಸಿದಳು. ಜೊತೆಗೆ ಒಂದು ಸಾಲೂ ಬರೆಯಲಿಲ್ಲ. ಅವರು ತಂದಿಟ್ಟ ಪ್ರತಿಯನ್ನು ನನ್ನ ಜೇಬಲ್ಲೇ ಬಿಟ್ಟಳು.

ಬೆಟ್ಟಸ್ವಾಮಿ ಮರುದಿನದಿಂದ ಮತ್ತೆ ಬರತೊಡಗಿದರು. ತನ್ನ ಪುಸ್ತಕ ಇದೆಯೇ ಅಂತ ಓರೆಗಣ್ಣಲ್ಲಿ ನೋಡಿ, ಇದೆ ಅಂತ ಕಂಡರೆ ಸ್ಟೂಲಿನ ಮೇಲೆ ಕೂರುತ್ತಿದ್ದರು. ವಾರಿಜಾ ಟೀ ತರಿಸುತ್ತಿದ್ದಳು. ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ನನಗೆ ಮಾತ್ರ ದಿಗಿಲು. ಅವಳು ಬರುವುದಿಲ್ಲ, ಯಾಕೆ ಬರಬೇಕು? ಕಾದೂ ಕಾದೂ ಈ ಮನುಷ್ಯ ಒಂದು ದಿನ ಬರುವುದು ನಿಲ್ಲಿಸುತ್ತಾರೆ ಅಂತ.

ಶನಿವಾರ, ಅಂಗಡಿಯಲ್ಲಿ ಕಾಲೇಜಿನ ಮಕ್ಕಳ ಗಲಾಟೆ. ಹೆಗಲಿಗೆ ಬಟ್ಟೆಯ ಚೀಲ ಹಾಕಿಕೊಂಡ ಒಬ್ಬಳು ಮೆಟ್ಟಿಲಿಳಿದು ಬಂದು ನನ್ನ ಮುಂದೆ ನಿಂತಳು. "ಸ್ಥಳದ ನಕ್ಷೆ"ಯನ್ನು ತೆಗೆದು, ಪಿನ್ನಿನ ಮೇಲೆ ಬೆರಳಾಡಿಸಿದಳು. ನನ್ನ ಆ ಕಡೆ, ಕೆಳಗಿನ ಸಾಲಿನಲ್ಲಿ ಏನೋ ಹುಡುಕುತ್ತಾ ಬೆಟ್ಟಸ್ವಾಮಿ ಕುಕ್ಕರಗಾಲಲ್ಲಿ ಕೂತಿದ್ದರು. ಇಬ್ಬರ ನಡುವೆ ನಾನು. ತಂತಿಯ ಸಂದಿಯಿಂದ ಅವಳಿಗೆ ಮೀಸೆ ಕಂಡಿತು. ಅವಳ ಒಂದು ಕಾಲು ಮೆಟ್ಟಿಲ ಕಡೆ ತಿರುಗಿದ್ದನ್ನು ನಾನು ನೋಡಿದೆ.

"ಅಪ್ಪಾ, ನಿನ್ನ ನಕ್ಷೆ ತಪ್ಪು" ಅಂದಳು ಸುಕನ್ಯಾ.

ಬೆಟ್ಟಸ್ವಾಮಿ ನನ್ನ ಕಂಬ ಹಿಡಿದು ಎದ್ದರು. ಅಷ್ಟು ದೊಡ್ಡ ಆಳಿನ ಭಾರವೆಲ್ಲ ನನ್ನ ಮೇಲೆ ಬಿತ್ತು. ಮಗಳ ಮುಖ ನೋಡಿದರು, ಕೈಯಲ್ಲಿದ್ದ ಹಾಳೆ ನೋಡಿದರು. "ಎಲ್ಲಿ?" ಅಂದರು.

"ನಾನು ಬಾಗಿಲ ಹತ್ರ ನಿಂತಿರ್ಲಿಲ್ಲ. ನೀರಿನ ಡ್ರಮ್ಮಿನ ಹಿಂದೆ ಇದ್ದೆ."

"ಹೊರಗೆ ಓಡಿಹೋದೆ ಅಂದ್ಕೊಂಡಿದ್ದೆ."

"ಇಲ್ಲ. ಅಲ್ಲೇ ಇದ್ದೆ."

ಅವರು ಶರಟಿನ ಜೇಬಿನಿಂದ ಪೆನ್ಸಿಲ್ ತೆಗೆದು, ಹಾಳೆಯನ್ನು ಇಸಿದುಕೊಂಡು ನನ್ನ ತಲೆಯ ಬೋರ್ಡಿಗೆ ಒತ್ತಿ ಹಿಡಿದು, ಬಾಗಿಲ ಹತ್ತಿರದ ಚುಕ್ಕೆಯನ್ನು ಹೊಡೆದುಹಾಕಿದರು. ಡ್ರಮ್ಮಿಗೆ ಒಂದು ಸುತ್ತು, ಅದರ ಹಿಂದೆ ಚುಕ್ಕೆ. ತಾನು ನಿಂತಿದ್ದ ಜಾಗದಿಂದ ಅಲ್ಲಿಗೆ ಒಂದು ಗೆರೆ ಎಳೆದು, ಅಭ್ಯಾಸಬಲದಿಂದ ಕೇಳಿದರು, "ಎಷ್ಟು ದೂರ?"

"ನೀನು ಅಮ್ಮನ ಹತ್ರ 'ಇವಳು ನನ್ನ ಮಗಳೇ ಅಲ್ಲ' ಅಂದ್ಯಲ್ಲ, ಅದು ಕೇಳಿಸೋಷ್ಟು ದೂರ."

ಪೆನ್ಸಿಲ್ ಗೆರೆಯ ಮೇಲೆ ನಿಂತಿತ್ತು. ಆಮೇಲೆ ಬೆಟ್ಟಸ್ವಾಮಿ ಅವಳು ಹೇಳಿದ್ದನ್ನು ಒಂದು ಅಕ್ಷರ ಬಿಡದೆ ಆ ಗೆರೆಯ ಮೇಲೆ ಬರೆದರು. ಬರೆಯುವಾಗ ಅವರ ಕಣ್ಣೀರು ನನ್ನ ಹಳದಿ ಬಣ್ಣದ ಮೇಲೆ ಬಿತ್ತು. ಸುಕನ್ಯಾ ಹತ್ತಿರ ಬರಲಿಲ್ಲ. ಹೊರಟೂ ಹೋಗಲಿಲ್ಲ.

ಇದೆಲ್ಲ ಆಗಿ ಬಹಳ ಕಾಲವಾಯಿತು. ನಾನು ಮತ್ತೆ ತಿರುಗಲಿಲ್ಲ. ಹೊಸದಾಗಿ ಬಂದವುಗಳಿಗೆ ಈಗ ಮರದ ಶೆಲ್ಫು ಬಂದಿದೆ, ನಾನು ಹಿಂದಿನ ಮೂಲೆಯಲ್ಲಿ ಕುಡಿಯುವ ನೀರಿನ ಫಿಲ್ಟರಿನ ಪಕ್ಕ ಇದ್ದೇನೆ. ಬಂದವರು ಛತ್ರಿ, ಹೆಲ್ಮೆಟ್ಟು ನೇತುಹಾಕುತ್ತಾರೆ. ಬುಡದಲ್ಲಿ ತುಕ್ಕು. ಅನುಮಾನ ಹೋಗಿಲ್ಲ, ಈ ವಯಸ್ಸಿನಲ್ಲಿ ಇನ್ನೆಲ್ಲಿ ಹೋದೀತು? ನಿನ್ನೆಯೂ ಒಬ್ಬ ನಿಂತು ಓದಿ ಪುಟದ ಮೂಲೆ ಮಡಿಚಿ ಹೋದ, ಮೈಯೆಲ್ಲ ಉರಿಯಿತು. ಆದರೆ ಯಾರಾದರೂ ನೆಟ್ಟಗೆ ಕೇಳಲು ಬಾರದೆ ಸುತ್ತಿಬಳಸಿ ಏನಾದರೂ ಕೇಳಿದರೆ, ಇವರಿಗೆ ನಿಜವಾಗಿ ಬೇಕಾದ್ದು ಏನು ಅಂತ ಇನ್ನೊಂದು ಗಳಿಗೆ ಯೋಚಿಸುತ್ತೇನೆ. ಮೊದಲು ಯೋಚಿಸುತ್ತಿರಲಿಲ್ಲ.

ಆ ಅಪ್ಪ, ಮಗಳು ತಿಂಗಳಿಗೊಮ್ಮೆ ಈ ಮೂಲೆಯಲ್ಲೇ ಎದುರುಬದುರು ಕೂತು ಒಂದು ಪುಸ್ತಕ ಮಾಡುತ್ತಾರೆ. ಮಾತು ಕಡಿಮೆ, ಜಗಳ ಜಾಸ್ತಿ. ಡ್ರಮ್ಮು ಅಷ್ಟು ದೊಡ್ಡದಿರಲಿಲ್ಲ ಅಂತ ಇವರು, ಇತ್ತು ಅಂತ ಅವಳು. ಅವಳು ಅವರ ಮನೆಗೆ ಇನ್ನೂ ಹೋಗಿಲ್ಲ. ಹೋಗುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ.

ಹೋದ ಸಲ ಬೆಟ್ಟಸ್ವಾಮಿ ಅಡುಗೆಮನೆಯ ನಕ್ಷೆ ಹಾಕುತ್ತಿದ್ದರು. ಒಲೆ, ಕಿಟಕಿ, ನೆಲುವು, ಎಲ್ಲ ಗುರುತು ಮಾಡಿ, ಒಲೆಯ ಹತ್ತಿರ ಒಂದು ಚುಕ್ಕೆ ಇಟ್ಟು, ಪೆನ್ಸಿಲನ್ನು ಮಗಳ ಕಡೆ ಸರಿಸಿದರು.

"ನಿಮ್ಮಮ್ಮನ್ನ ನೀನೇ ಬರಿ ಮಗಾ. ಎಲ್ಲಿ ನಿಂತಿರ್ತಿದ್ಳು ಅಂತ ನನಗೆ ಗೊತ್ತು. ಮುಖ ನಾನು ಸರಿಯಾಗಿ ನೋಡ್ಲೇ ಇಲ್ಲ."